ಆರು ವರ್ಷ ತುಳಿದ ಮೇಲೆ ಬರೀತಿರೋ ರಿವ್ಯೂ: ನಮ್ಮನೆ ಕಪ್ಪು ಹೊಲಿಗೆ ಮಿಷಿನ್

ಮನೇಲಿ ಹೊಲಿಯೋಕೆ ಯಾವ ಮಿಷಿನ್ ತಗೊಳ್ಳೋದು ಅಂತ ತಿಂಗಳಿಗೆ ಒಬ್ಬರಾದ್ರೂ ನನ್ನ ಕೇಳ್ತಾರೆ. ಕಾಲಲ್ಲಿ ತುಳಿಯೋ ಕಪ್ಪು ಮಿಷಿನ್ ತಗೊಳ್ಳಿ ಅಂದ್ರೆ ಅವರ ಮುಖ ಸಪ್ಪಗಾಗುತ್ತೆ, ಅಯ್ಯೋ ಅದು ನಮ್ಮಜ್ಜಿ ಕಾಲದ್ದಲ್ವಾ, ಈಗ ಐವತ್ತು ನಮೂನೆ ಹೊಲಿಗೆ ಹಾಕೋ ಮಿಷಿನ್ ಬಂದಿದೆಯಲ್ಲ ಅಂತಾರೆ. ಐವತ್ತು ನಮೂನೆ ಹಾಕೋ ಮಿಷಿನ್ನೂ ನನ್ನ ಹತ್ರ ಇತ್ತು. ಎರಡನ್ನೂ ಇಟ್ಕೊಂಡು ದುಡಿದಿದ್ದೀನಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದ್ದೀನಿ, ಉದ್ದ ಆದ್ರೂ ಪೂರ್ತಿ ಓದಿ, ಯಾಕಂದ್ರೆ ಹತ್ತಿಪ್ಪತ್ತು ಸಾವಿರದ ಮಾತಿದು.

ನಾವಿರೋದು ಚಿಕ್ಕಮಗಳೂರಲ್ಲಿ. ಬ್ಲೌಸು, ಮಕ್ಕಳ ಲಂಗ, ಸ್ಕೂಲ್ ಯೂನಿಫಾರ್ಮ್ ಕಟ್ ಮಾಡಿ ಸರಿ ಮಾಡೋದು, ಪರದೆ, ದಿಂಬಿನ ಕವರ್, ಇಂಥದ್ದು ನನ್ನ ಕೆಲಸ. ದೊಡ್ಡ ಟೈಲರ್ ಏನಲ್ಲ, ಆದ್ರೆ ಹಬ್ಬ ಮದುವೆ ಸೀಸನ್ನಲ್ಲಿ ದಿನಕ್ಕೆ ಆರೇಳು ಗಂಟೆ ಮಿಷಿನ್ ಮುಂದೇನೇ ಇರ್ತೀನಿ.

2016ರಲ್ಲಿ ಒಂದು ಬಿಳೀ ಪ್ಲಾಸ್ಟಿಕ್ ಮಿಷಿನ್ ತಗೊಂಡಿದ್ದೆ, ಸಣ್ಣ ಡಿಸ್‌ಪ್ಲೇ ಇತ್ತು, ಬಟನ್ ಒತ್ತಿದ್ರೆ ಹೊಲಿಗೆ ಬದಲಾಗೋದು, ಕಾಜಾನೂ ತಾನೇ ಹಾಕೋದು. ಕಂಪನಿ ಹೆಸರು ಬೇಡ. ಮೊದಲ ಎರಡು ವರ್ಷ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ, ಕಾಜಾ ವಿಷಯದಲ್ಲಂತೂ ತುಂಬಾ ಉಪಕಾರ ಆಗಿತ್ತು. ಮೂರನೇ ವರ್ಷ ಒಂದು ದಿನ ಡಿಸ್‌ಪ್ಲೇನಲ್ಲಿ ಏನೋ ಒಂದು ಅಕ್ಷರ ಬಂತು, ಬೀಪ್ ಬೀಪ್ ಅಂತು, ಸೂಜಿ ನಿಂತಲ್ಲೇ ನಿಂತ್ಕೊಳ್ತು. ಆಫ್ ಮಾಡಿ ಆನ್ ಮಾಡಿದ್ರೆ ನಾಲ್ಕು ಹೊಲಿಗೆ ಹೋಗೋದು, ಮತ್ತೆ ಅದೇ ಅಕ್ಷರ. ನಮ್ಮೂರ ರಿಪೇರಿಯವರು ತಿರುಗಿಸಿ ಮುರುಗಿಸಿ ನೋಡಿ, ಇದನ್ನ ಬಿಚ್ಚೋಕೆ ಹೋದ್ರೆ ಒಳಗಿನ ಪ್ಲಾಸ್ಟಿಕ್ ಕೊಕ್ಕೆ ಮುರಿಯುತ್ತಮ್ಮ, ಆಮೇಲೆ ಬಾಡಿ ಕೂರಲ್ಲ, ಬೇಡ ಅಂದ್ರು. ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ತಗೊಂಡು ಹೋದೆ. ಬೋರ್ಡ್ ಹೋಗಿದೆ, ಈ ಮಾಡೆಲ್ಲಿನ ಬೋರ್ಡ್ ಈಗ ಬರ್ತಿಲ್ಲ, ಎಲ್ಲಾದ್ರೂ ಸಿಕ್ಕಿದ್ರೂ ಅದರ ರೇಟಿಗೆ ಇನ್ನೊಂದಷ್ಟು ಹಾಕಿದ್ರೆ ಹೊಸದೇ ಬರುತ್ತೆ ಅಂದ್ರು. ಒಳಗಿನ ಗೇರು, ಮೋಟರು, ಶಾಫ್ಟು ಎಲ್ಲಾ ಗಟ್ಟಿಮುಟ್ಟಾಗೇ ಇದ್ವು, ಅಂಗೈ ಅಗಲದ ಒಂದು ಹಸಿರು ಬೋರ್ಡ್ ಇಲ್ಲ ಅಂತ ಇಡೀ ಮಿಷಿನ್ ಮೂಲೆ ಸೇರ್ತು. ವಾಪಸ್ ಬರೋವಾಗ ನಂಗೆ ಆದ ಸಂಕಟ ಇವತ್ತಿಗೂ ಮರೆತಿಲ್ಲ, ನಾನೇ ಹೊಲಿದು ಹೊಲಿದು ಕೂಡಿಟ್ಟ ದುಡ್ಡಲ್ಲಿ ತಗೊಂಡಿದ್ದು ಅದು.

ಅದೇ ವರ್ಷ ಅಂದ್ರೆ 2019ರ ಕೊನೇಲಿ ನಮ್ಮ ಬೀದಿ ಕೊನೇಲಿದ್ದ ಟೈಲರ್ ಒಬ್ಬರು ಕಣ್ಣು ಸರಿಯಾಗಿ ಕಾಣಲ್ಲ ಅಂತ ಅಂಗಡಿ ಮುಚ್ಚಿದ್ರು, ಅವರ ಹತ್ರ ಈ ಕಪ್ಪು ಮಿಷಿನ್ ತಗೊಂಡೆ, ಸ್ಟ್ಯಾಂಡು, ಟೇಬಲ್ಲು, ಒಂದು ಡಬ್ಬಿ ತುಂಬ ಬಾಬಿನ್ (ಕೆಳಗಿನ ದಾರ ಸುತ್ತಿಡೋ ಪುಟ್ಟ ಉರುಳೆ) ಎಲ್ಲಾ ಸೇರಿ 3,500 ರೂಪಾಯಿ. ಅವರು ಅದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಹೊಲಿದಿದ್ರು. ಮೈಮೇಲಿದ್ದ ಬಂಗಾರದ ಬಣ್ಣದ ಹೂವಿನ ಚಿತ್ರ, ಬಟ್ಟೆ ಉಜ್ಜಿ ಉಜ್ಜಿ, ಬಲಗೈ ಆಡೋ ಜಾಗದಲ್ಲಿ ಪೂರ್ತಿ ಅಳಿಸಿ ಹೋಗಿದೆ. ಚಕ್ರದ ಅಂಚು ಅವರ ಕೈ ತಾಗಿ ಕನ್ನಡಿ ಥರ ನುಣುಪಾಗಿದೆ. ಕೊಡೋವಾಗ ಅವರು ಹೇಳಿದ್ದು ಒಂದೇ ಮಾತು, ಎಣ್ಣೆ ಹಾಕಮ್ಮ, ಮಿಕ್ಕಿದ್ದು ಅದೇ ನೋಡ್ಕೊಳುತ್ತೆ ಅಂತ.

ಆ ಎಣ್ಣೆ ವಿಷಯದಲ್ಲೇ ನಮಗೆ ಮೊದಲ ಪಾಠ ಆಗಿದ್ದು. ಎರಡನೇ ವರ್ಷ ಜನವರಿ ತಿಂಗಳು, ನಮ್ಮೂರ ಚಳಿ ಗೊತ್ತಲ್ಲ, ಬೆಳಿಗ್ಗೆ ಕೂತು ಪೆಡಲ್ ಮೇಲೆ ಕಾಲಿಟ್ರೆ ಕಲ್ಲು ತುಳಿದಂಗೆ, ಅಲ್ಲಾಡ್ತಾನೇ ಇಲ್ಲ. ಚಕ್ರ ಕೈಯಲ್ಲಿ ತಿರುಗಿಸಿದ್ರೆ ಅಂಟಂಟಾಗಿ ಅರ್ಧ ಸುತ್ತು ಬಂದು ನಿಲ್ತಿತ್ತು. ಇದೂ ಹೋಯ್ತು ಅಂದ್ಕೊಂಡೆ, ಹಿಂದಿನ ಮಿಷಿನ್ ನೆನಪಾಗಿ ಎದೆ ಧಸಕ್ ಅಂತು. ರಿಪೇರಿಯವರಿಗೆ ಫೋನ್ ಮಾಡಿದೆ, ಮಧ್ಯಾಹ್ನದ ಹೊತ್ತಿಗೆ ಒಂದು ಕೈಚೀಲ ಹಿಡ್ಕೊಂಡು ಮನೆಗೇ ಬಂದ್ರು. ಮಿಷಿನ್ ಮೇಲಿರೋ ಎಣ್ಣೆ ತೂತಿಗೆ ಬೆರಳು ಒತ್ತಿ ಮೂಸಿ ನೋಡಿದ್ರು ಅಷ್ಟೇ.

"ಕೊಬ್ಬರಿ ಎಣ್ಣೆ ಯಾರಮ್ಮ ಹಾಕಿದ್ದು?"

ಮಿಷಿನ್ ಎಣ್ಣೆ ಮುಗಿದಿತ್ತು, ಕೆಲಸ ನಿಲ್ಲಬಾರದು ಅಂತ ನಮ್ಮತ್ತೆ ದೀಪಾವಳಿ ಹೊತ್ತಲ್ಲಿ ಎರಡು ಮೂರು ಸಲ ಅದನ್ನೇ ಬಿಟ್ಟಿದ್ರಂತೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿ ಆಗುತ್ತೆ, ಬಾಟಲಿಲೇ ಬೆಳ್ಳಗೆ ಕೂತಿರೋದನ್ನ ನಾವು ದಿನಾ ನೋಡ್ತೀವಿ, ಅದು ಮಿಷಿನ್ ಹೊಟ್ಟೇಲೂ ಹಂಗೇ ಕೂತಿತ್ತು, ಅಲ್ಲದೆ ಹಳೇದಾದಷ್ಟೂ ಧೂಳು ಸೇರಿ ಬಂಕೆ ಆಗಿತ್ತು. ಅತ್ತೆಗೆ ತುಂಬಾ ಬೇಜಾರಾಗಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ರು. ರಿಪೇರಿಯವರು ಮಾತ್ರ ನಗ್ತಾ, ಏನೂ ಆಗಿಲ್ಲ ಬಿಡಿ ಅಮ್ಮಾವ್ರೇ, ಚಳಿಗಾಲದಲ್ಲಿ ನಂಗೆ ಬರೋ ಅರ್ಧ ಕೆಲಸ ಇದೇನೇ ಅಂದ್ರು.

ಆಮೇಲೆ ಮಾಡಿದ್ದು ಇಷ್ಟು. ಬೆಲ್ಟ್ ಕಳಚಿದ್ರು, ಎಡಗಡೆ ಮುಖದ ತಗಡಿನ ಸ್ಕ್ರೂ ಬಿಚ್ಚಿದ್ರು, ಮಿಷಿನ್ ತಲೇನ ಹಿಂದಕ್ಕೆ ಮಗುಚಿದ್ರು, ಎಲ್ಲಾ ತೂತಿಗೂ ಸೀಮೆಎಣ್ಣೆ ಬಿಟ್ಟು ಚಕ್ರನ ಮುಂದಕ್ಕೆ ಹಿಂದಕ್ಕೆ ಆಡಿಸ್ತಾ ಕೂತ್ರು. ಹತ್ತು ನಿಮಿಷ ಆದ್ಮೇಲೆ ಕಂದು ಬಣ್ಣದ ಜಿಡ್ಡು ಇಳಿಯೋಕೆ ಶುರುವಾಯ್ತು, ಹಳೇ ಬನಿಯನ್ ಬಟ್ಟೇಲಿ ಒರೆಸಿ ಒರೆಸಿ ತೆಗೆದ್ರು. ಅರ್ಧ ಆದ್ಮೇಲೆ ಬ್ರಷ್ಷು ನನ್ನ ಕೈಗೆ ಕೊಟ್ಟು, ಇನ್ನು ನೀನೇ ಮಾಡಮ್ಮ, ಮುಂದಿನ ಸಲ ನನ್ನ ಕರೆಯೋದು ಬೇಡ ಅಂದ್ರು. ನಾನು ಮಾಡಿದೆ. ಕೊನೆಗೆ ಹೊಲಿಗೆ ಮಿಷಿನ್‌ಗೇ ಅಂತ ಬರೋ ಬಿಳೀ ಎಣ್ಣೆ ಒಂದೊಂದೇ ಹನಿ ಹಾಕಿದ್ಮೇಲೆ, ಚಕ್ರಕ್ಕೆ ಬೆರಳು ತಾಗಿಸಿದ್ರೆ ಸಾಕು ಸುತ್ತೋಕೆ ಶುರುವಾಯ್ತು, ಆ ಟಿಕ ಟಿಕ ಸದ್ದು ಕೇಳಿದ್ಮೇಲೇನೇ ನಮ್ಮತ್ತೆ ಮುಖ ಅರಳಿದ್ದು. ರಿಪೇರಿಯವರು ತಗೊಂಡಿದ್ದು ಇನ್ನೂರು ರೂಪಾಯಿ, ಮನೆಗೆ ಬಂದಿದ್ದೂ ಸೇರಿ. ಅವತ್ತೇ ಪ್ರತೀ ಎಣ್ಣೆ ತೂತಿನ ಪಕ್ಕ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟೆ, ಈಗ ನಮ್ಮ ಮಗಳೂ ಚುಕ್ಕೆ ನೋಡ್ಕೊಂಡು ಎಣ್ಣೆ ಹಾಕ್ತಾಳೆ.

ಎರಡು ಮಿಷಿನ್ನಿಗೆ ಇರೋ ವ್ಯತ್ಯಾಸ ಇದೇ ಅನ್ಸುತ್ತೆ ನಂಗೆ. ಹಳೇದು ಕೆಡಲ್ಲ ಅಂತಲ್ಲ, ಕೆಡುತ್ತೆ. ಆದ್ರೆ ಏನು ಕೆಟ್ಟಿದೆ ಅನ್ನೋದು ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ, ಮೂಗಿಗೂ ಬರುತ್ತೆ. ಬಿಳೀ ಮಿಷಿನ್ ಕೆಟ್ಟಾಗ ಅದು ತೋರಿಸಿದ್ದು ಒಂದು ಅಕ್ಷರ, ಆ ಅಕ್ಷರದ ಅರ್ಥ ಕಂಪನಿಯವರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.

ಹೊಲಿಗೆ ಹೆಂಗೆ ಬೀಳುತ್ತೆ ಅಂತ ಒಂದ್ಸಲ ಇದರಲ್ಲಿ ನಿಧಾನಕ್ಕೆ ಚಕ್ರ ತಿರುಗಿಸಿ ನೋಡಿ, ಎಡಗಡೆ ತಗಡು ಸರಿಸಿದ್ರೆ ಎಲ್ಲಾ ಕಾಣುತ್ತೆ. ಸೂಜಿ ದಾರ ತಗೊಂಡು ಕೆಳಗೆ ಇಳಿಯುತ್ತೆ, ಮತ್ತೆ ಒಂಚೂರು ಮೇಲೆ ಏಳುತ್ತೆ, ಆ ಒಂಚೂರು ಎದ್ದಾಗ ಸೂಜಿ ಹಿಂದೆ ದಾರ ಸಡಿಲ ಆಗಿ ಪುಟ್ಟ ಕುಣಿಕೆ ಥರ ಉಬ್ಬುತ್ತೆ, ಸರಿಯಾಗಿ ಅದೇ ಗಳಿಗೇಲಿ ಕೆಳಗೆ ಆಡೋ ಶಟಲ್ ಅನ್ನೋ ಭಾಗದ ಚೂಪು ಮೂಗು ಬಂದು ಕುಣಿಕೆ ಒಳಗೆ ತೂರಿ ಅದನ್ನ ಬಾಬಿನ್ ಕೇಸ್ ಸುತ್ತ ದಾಟಿಸುತ್ತೆ, ಅಲ್ಲಿಗೆ ಮೇಲಿನ ದಾರಕ್ಕೂ ಕೆಳಗಿನ ದಾರಕ್ಕೂ ಹೆಣಿಗೆ ಬಿತ್ತು, ಮೇಲಿರೋ ಕೊಕ್ಕೆ ಎಳ್ಕೊಂಡು ಬಿಗಿ ಮಾಡುತ್ತೆ. ಇಷ್ಟೇ. ಸಿಂಗರ್ ಅನ್ನೋರು ಅಮೆರಿಕಾದಲ್ಲಿ ತಮ್ಮ ಮಿಷಿನ್ನಿಗೆ ಪೇಟೆಂಟ್ ತಗೊಂಡಿದ್ದು 1851ರಲ್ಲಿ, ಅದಕ್ಕೂ ಐದು ವರ್ಷ ಮುಂಚೆ ಹೋವ್ ಅನ್ನೋರು ಎರಡು ದಾರದ ಹೊಲಿಗೆಗೆ ಪೇಟೆಂಟ್ ತಗೊಂಡಿದ್ರು. ಇವತ್ತಿನ ಡಿಸ್‌ಪ್ಲೇ ಇರೋ ಮಿಷಿನ್ನೂ ಹಾಕೋದು ಅದೇ ಎರಡು ದಾರದ ಹೆಣಿಗೇನೇ.

ಇದನ್ನ ಒಂದ್ಸಲ ಕಣ್ಣಾರೆ ನೋಡಿದ್ಮೇಲೆ ಅರ್ಧ ರಿಪೇರಿ ತಾನೇ ಗೊತ್ತಾಗುತ್ತೆ. ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿದ್ರೆ ಸೂಜಿ ಸೊಟ್ಟ ಆಗಿದೆ ಅಂತ, ಶಟಲ್ ಮೂಗಿಗೆ ಕುಣಿಕೆ ಸಿಗ್ತಿಲ್ಲ. ಹೊಸ ಸೂಜಿ ಹಾಕಿದ ಮೇಲೆ ಒಂದೂ ಹೊಲಿಗೆ ಬೀಳ್ತಿಲ್ಲ ಅಂದ್ರೆ ಸೂಜಿ ತಿರುಗಾ ಮುರುಗಾ ಕೂತಿದೆ, ಚಪ್ಪಟೆ ಬದಿ ಶಟಲ್ ಕಡೆಗೆ ಇರಬೇಕು. ಬಟ್ಟೆ ಅಡೀಲಿ ಗುಬ್ಬಿ ಗೂಡಿನ ಥರ ದಾರ ಸಿಕ್ಕಾದ್ರೆ ಎಲ್ಲರೂ ಮೊದಲು ಬಾಬಿನ್ ಸ್ಕ್ರೂ ತಿರುಗಿಸ್ತಾರೆ, ದಯವಿಟ್ಟು ಅದನ್ನ ಮುಟ್ಟಬೇಡಿ, ಹೆಚ್ಚಿನ ಸಲ ತಪ್ಪು ಇರೋದು ಮೇಲಿನ ದಾರದಲ್ಲಿ, ಅದು ದಾರ ಬಿಗಿ ಹಿಡಿಯೋ ಟೆನ್ಷನ್ ಬಿಲ್ಲೆಗಳ ಮಧ್ಯೆ ಸರಿಯಾಗಿ ಕೂತಿರಲ್ಲ, ಇಲ್ಲಾ ಬಟ್ಟೆ ಒತ್ತಿ ಹಿಡಿಯೋ ಫೂಟ್ ಇಳಿಸೋದು ಮರೆತಿರ್ತೀವಿ. ದಾರ ಪದೇ ಪದೇ ನಾರು ನಾರಾಗಿ ಕಟ್ ಆಗ್ತಿದ್ರೆ ಶಟಲ್ ಮೂಗಿನ ಮೇಲೆ ಉಗುರು ಆಡಿಸಿ ನೋಡಿ, ಯಾವಾಗಲೋ ಸೂಜಿ ಬಡಿದು ಗೀರು ಆಗಿರುತ್ತೆ, ಅತೀ ನಯವಾದ ಎಮರಿ ಪೇಪರಲ್ಲಿ ಉಜ್ಜಿದ್ರೆ ಸರಿ ಹೋಗುತ್ತೆ.

ಖರ್ಚಿನ ಲೆಕ್ಕ ಕೇಳ್ತೀರಿ ಅಂತ ಗೊತ್ತು. ಅಳತೆ ಬರೆಯೋ ಪುಸ್ತಕದ ಕೊನೇ ಪುಟದಲ್ಲಿ ನಾನು ಬರ್ಕೊಂಡೇ ಬಂದಿದ್ದೀನಿ. ಆರು ವರ್ಷದಲ್ಲಿ ಚರ್ಮದ ಬೆಲ್ಟ್ ಎರಡು, ಬಾಬಿನ್ ಸುತ್ತೋ ಜಾಗದ ರಬ್ಬರ್ ರಿಂಗ್ ಎರಡು, ಬಾಬಿನ್ ಕೇಸ್ ಒಂದು, ಟೆನ್ಷನ್ ಸ್ಪ್ರಿಂಗ್ ಒಂದು, ರಿಪೇರಿಯವರು ಬಂದಿದ್ದು ಮೂರು ಸಲ. ಎಲ್ಲಾ ಕೂಡಿದ್ರೆ 1,740 ರೂಪಾಯಿ, ಸೂಜಿ ಎಣ್ಣೆ ಬಿಟ್ಟು.

ಇನ್ನೊಂದು ದೊಡ್ಡ ಅನುಕೂಲ ಸಾಮಾನು ಸಿಗೋದು. ಇದರ ಸೂಜಿ ಅಂದ್ರೆ ಮನೆ ಮಿಷಿನ್ ಸೂಜಿ, ತೆಳು ರೇಷ್ಮೆಗೆ 11, ಕಾಟನ್ನಿಗೆ 14, ಸ್ವಲ್ಪ ದಪ್ಪಕ್ಕೆ 16, ಜೀನ್ಸಿಗೆ 18, ಯಾವ ಕಂಪನಿದಾದ್ರೂ ಕೂರುತ್ತೆ. ಬಾಬಿನ್ನೂ ಹಂಗೇ. ಸಿಂಗರ್‌ನವರ 15 ನಂಬರ್ ಕ್ಲಾಸ್ ಅಂತ ಒಂದು ಮಾದರಿ ಇದೆ, ನಮ್ಮ ದೇಶದ ಮನೆಗಳಲ್ಲಿರೋ ಕಪ್ಪು ಮಿಷಿನ್ ಹೆಚ್ಚಿನವು ಅದೇ ಅಚ್ಚಿನವು, ಮೇಲೆ ಬರೆದಿರೋ ಹೆಸರು ಬೇರೆ ಬೇರೆ ಅಷ್ಟೇ. 1930ರ ದಶಕದಲ್ಲಿ ಕಲ್ಕತ್ತಾದ ಜೈ ಇಂಜಿನಿಯರಿಂಗ್ ವರ್ಕ್ಸ್‌ನವರು ಉಷಾ ಶುರು ಮಾಡಿದ್ರು, ಆಮೇಲೆ ಲುಧಿಯಾನದಲ್ಲಿ ಮಿಷಿನ್ನು, ಬಿಡಿಭಾಗ ಮಾಡೋ ಸಣ್ಣ ಸಣ್ಣ ಕಾರ್ಖಾನೆಗಳು ಎಷ್ಟೋ ಹುಟ್ಕೊಂಡ್ವು. ಹಂಗಾಗಿ ಒಂದು ಕಂಪನಿ ಬಾಗಿಲು ಹಾಕಿದ್ರೂ ನನ್ನ ಮಿಷಿನ್ ಅನಾಥ ಆಗಲ್ಲ. ನನ್ನದರ ಕಂಪನಿ ಯಾವುದು ಅಂತ ಕೇಳಿದ್ರೆ ಹೇಳೋಕೂ ಆಗಲ್ಲ, ಹೆಸರು ಅಳಿಸಿ ಹೋಗಿದೆ, ಆದ್ರೂ ಬೆಂಗಳೂರಿನ ಚಿಕ್ಕಪೇಟೆ ಕಡೆ ಹೋದಾಗ ಹಳೇ ಬಾಬಿನ್ ಕೇಸ್ ತೋರಿಸಿದೆ, ಅಂಗಡಿಯವರು ಎದ್ದೂ ನೋಡದೆ ಹಿಂದಿನ ಡ್ರಾಯರ್‌ಗೆ ಕೈ ಹಾಕಿ ಒಂದು ತೆಗೆದು ಕೊಟ್ರು. ಮನೆಗೆ ಬಂದು ಹಾಕಿದೆ, ಟಕ್ ಅಂತ ಕೂತ್ಕೊಳ್ತು.

ಮಿಷಿನ್‌ಗಳ ಬಗ್ಗೆ ಅಷ್ಟೊಂದು ಅನುಮಾನ ಇಟ್ಕೊಂಡಿದ್ದ ಗಾಂಧೀಜಿನೂ 1924ರಲ್ಲಿ ಹೊಲಿಗೆ ಮಿಷಿನ್‌ನ ಮಾತ್ರ ಪ್ರತ್ಯೇಕ ಇಟ್ಟು ಹೊಗಳಿದ್ರು, ಮನುಷ್ಯ ಕಂಡುಹಿಡಿದ ಕೆಲವೇ ಉಪಯೋಗದ ವಸ್ತುಗಳಲ್ಲಿ ಇದೊಂದು ಅನ್ನೋ ಅರ್ಥದಲ್ಲಿ. ಕರೆಂಟ್ ಹೋದ ಮಳೆಗಾಲದ ಮಧ್ಯಾಹ್ನ ಕಿಟಕಿ ಪಕ್ಕ ಎಳ್ಕೊಂಡು ನಾಳೆ ಕೊಡಬೇಕಾದ ಬ್ಲೌಸ್ ಮುಗಿಸೋವಾಗ ನಂಗೆ ಆ ಮಾತು ನಿಜ ಅನ್ಸುತ್ತೆ. ಮಲೆನಾಡಲ್ಲಿ ಇರೋರಿಗೆ ಗೊತ್ತು, ಜೂನಿಂದ ಆಗಸ್ಟ್ ತನಕ ಕರೆಂಟ್ ಯಾವಾಗ ಇರುತ್ತೆ ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಮರ ಬಿದ್ರೆ ಎರಡು ದಿನ ಇಲ್ಲ. ಅಷ್ಟೂ ದಿನ ನನ್ನ ಕೆಲಸ ನಿಂತಿಲ್ಲ.

ಇನ್ನು ತೊಂದರೆಗಳೂ ಇವೆ, ಅದನ್ನೂ ಹೇಳಲೇಬೇಕು. ಇದು ಹಾಕೋದು ನೇರ ಹೊಲಿಗೆ ಮಾತ್ರ. ಸೀರೆ ಅಂಚಿಗೆ ಹಾಕೋ ಪಿಕೋ, ಝಿಗ್‌ಝಾಗ್, ಓವರ್‌ಲಾಕ್ ಬೇಕಂದ್ರೆ ಅಂಗಡಿಗೇ ಹೋಗಬೇಕು, ನಾನು ಸೀರೆಗಳನ್ನ ವಾರಕ್ಕೊಮ್ಮೆ ಒಟ್ಟಿಗೆ ಪಿಕೋಗೆ ಕೊಡ್ತೀನಿ. ಕಾಜಾ ಕೈಯಲ್ಲೇ. ಲೆಗ್ಗಿಂಗ್ಸ್, ಟೀಶರ್ಟ್ ಥರ ಎಳೆದ್ರೆ ಹಿಗ್ಗೋ ಬಟ್ಟೆಗೆ ಇದು ಆಗಲ್ಲ, ಬಟ್ಟೆ ಹಿಗ್ಗುತ್ತೆ ಹೊಲಿಗೆ ಹಿಗ್ಗಲ್ಲ, ದಾರ ಪಟ್ ಅಂತ ಹೋಗುತ್ತೆ. ನಿಮ್ಮ ಕೆಲಸ ಹೆಚ್ಚಾಗಿ ಅಂಥದ್ದೇ ಆದ್ರೆ ಇದನ್ನ ತಗೋಬೇಡಿ. ತೂಕ ವಿಪರೀತ, ಮೇಲಿನ ತಲೆ ಒಂದೇ ಹತ್ತು ಕಿಲೋಗೂ ಮೇಲೆ, ಬಾಡಿಗೆ ಮನೆ ಬದಲಾಯಿಸ್ತಾ ಇರೋರಿಗೆ ಕಷ್ಟ. ಮಳೆಗಾಲದಲ್ಲಿ ಚರ್ಮದ ಬೆಲ್ಟ್ ಸಡಿಲ ಆಗುತ್ತೆ, ಚಕ್ರದ ಮೇಲೆ ಜಾರುತ್ತೆ, ಬಿಚ್ಚಿ ಅರ್ಧ ಇಂಚು ಕತ್ತರಿಸಿ ಮತ್ತೆ ಪಿನ್ ಹಾಕಬೇಕು. ಅಗ್ಗದ ಪ್ಲೈವುಡ್ ಟೇಬಲ್ ಆದ್ರೆ ನಮ್ಮ ಕಡೆ ತೇವಕ್ಕೆ ಊದ್ಕೊಳುತ್ತೆ, ಮರದ್ದೇ ನೋಡಿ ತಗೊಳ್ಳಿ.

ತುಳಿಯೋದು ಕಲಿಯೋಕೆ ಹತ್ತು ಹದಿನೈದು ದಿನ ಬೇಕು. ಶುರುವಲ್ಲಿ ಚಕ್ರ ಹಿಂದಕ್ಕೆ ಸುತ್ತಿ ದಾರ ಕಟ್ ಆಗಿ ಅಳು ಬರುತ್ತೆ, ಅದಕ್ಕೆ ದಾರ ಇಲ್ಲದೆ ಹಳೇ ನೋಟ್‌ಬುಕ್ ಹಾಳೆ ಮೇಲೆ ಗೆರೆ ಗೆರೆ ಮೇಲೇ ಓಡಿಸಿ ಅಭ್ಯಾಸ ಮಾಡಿ, ನಮ್ಮ ಮಗಳಿಗೆ ಹಂಗೇ ಕಲಿಸಿದ್ದು. ಮಂಡಿ ನೋವಿರೋರಿಗೆ ದಿನವಿಡೀ ತುಳಿಯೋದು ಕಷ್ಟಾನೇ. ಅಂಥವರು ಪಕ್ಕಕ್ಕೆ ಕೂರಿಸೋ ಸಣ್ಣ ಮೋಟರ್ ಸಿಗುತ್ತೆ, ಅದನ್ನ ಹಾಕಿಸ್ಕೊಳ್ಳಿ, ಕೆಟ್ರೆ ಮೋಟರ್ ಬಿಚ್ಚಿ ಮತ್ತೆ ಬೆಲ್ಟ್ ಹಾಕ್ಕೊಂಡು ತುಳಿಬೋದು, ಮಿಷಿನ್ನಿಗೆ ಏನೂ ಆಗಲ್ಲ. ನನ್ನ ತಂಗಿ ಮನೇಲಿ ಹಂಗೇ ಮಾಡಿದ್ದಾರೆ.

ರಿಪೇರಿ ಮಾಡಿಸ್ಕೊಳ್ಳೋದು ಗ್ರಾಹಕರ ಹಕ್ಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಒಂದು ಸಮಿತಿ ಮಾಡ್ತು, ಆ ವರ್ಷದ ಕೊನೇಲಿ ಪೋರ್ಟಲ್ಲೂ ಬಂತು. ಕೃಷಿ ಯಂತ್ರ, ಮೊಬೈಲ್, ಮನೆ ಬಳಕೆ ಸಾಮಾನು, ವಾಹನ ಇವನ್ನ ಮುಖ್ಯವಾಗಿ ಹಿಡ್ಕೊಂಡಿದ್ದಾರೆ. ಒಳ್ಳೇದೇ, ಆಗಬೇಕು. ನನ್ನ ಬಿಳೀ ಮಿಷಿನ್ನಿಗೆ ಒಂದು ಬೋರ್ಡು, ಅದನ್ನ ಬಿಚ್ಚೋ ವಿವರ ಇರೋ ಒಂದು ಪುಸ್ತಕ ಸಿಕ್ಕಿದ್ರೆ ನಮ್ಮೂರ ರಿಪೇರಿಯವರೇ ಸರಿ ಮಾಡ್ತಿದ್ರು, ಅವರಿಗೆ ಕೈಗುಣಕ್ಕೇನು ಕಮ್ಮಿ ಇಲ್ಲ. ಎಲೆಕ್ಟ್ರಾನಿಕ್ ಅಂದ್ರೇನೇ ನಂಗೆ ಆಗಲ್ಲ ಅಂತ ಅಲ್ಲ, ಬಿಚ್ಚೋಕೆ ಬರೋ ಹಂಗೆ ಮಾಡಿ, ಸಾಮಾನು ಕೊಡಿ, ನಾನೂ ಖುಷಿಯಾಗಿ ತಗೋತೀನಿ.

ಈಗ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೇಲಿ ಟೈಲರ್‌ಗಳಿಗೂ ಸಲಕರಣೆ ತಗೊಳ್ಳೋಕೆ 15,000 ರೂಪಾಯಿ ತನಕ ಸಹಾಯ ಇದೆ. ನಮ್ಮ ಕಡೆ ಕೆಲವು ಹೆಣ್ಮಕ್ಕಳು ಅರ್ಜಿ ಹಾಕಿದ್ದಾರೆ, ಅವರಿಗೆಲ್ಲಾ ನಾನು ಹೇಳೋದು, ಆಯ್ಕೆ ನಿಮ್ಮ ಕೈಲಿದ್ರೆ ಮೊದಲು ನಿಮ್ಮೂರಲ್ಲಿ ರಿಪೇರಿ ಮಾಡೋರು ಯಾರಿದ್ದಾರೆ ಅಂತ ಹುಡುಕಿ, ಅವರು ಯಾವುದನ್ನ ಬಿಚ್ಚಿ ಜೋಡಿಸ್ತಾರೋ ಅದನ್ನ ತಗೊಳ್ಳಿ. ಅಂಗಡಿಯವರ ಮಾತಿಗಿಂತ ಆ ಮಾತು ಮುಖ್ಯ.

ಐದಕ್ಕೆ ಎಷ್ಟು ಅಂದ್ರೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಮ್ಮಿ ಪಿಕೋ ಇಲ್ಲದ್ದಕ್ಕೆ. ಹೊಸದು ತಗೊಂಡ್ರೂ ಸರಿ ಹಳೇದು ತಗೊಂಡ್ರೂ ಸರಿ, ನೋಡದೆ ಮಾತ್ರ ತಗೋಬೇಡಿ. ಹೊಸದರಲ್ಲೂ ಎರಕ ಒರಟಾಗಿರೋವು ಬರ್ತವೆ, ಚಕ್ರ ಕೈಯಲ್ಲಿ ತಿರುಗಿಸಿದಾಗ ಎಲ್ಲಾದ್ರೂ ಒಂದು ಕಡೆ ಬಿಗಿ ಹಿಡಿದ್ರೆ ಬೇಡ. ಹಳೇದಾದ್ರೆ ಸೂಜಿ ಹಿಡಿಯೋ ರಾಡನ್ನ ಬೆರಳಲ್ಲಿ ಅಕ್ಕಪಕ್ಕ ಅಲ್ಲಾಡಿಸಿ ನೋಡಿ, ಗಡ ಗಡ ಅಂದ್ರೆ ಒಳಗೆ ಸವೆದಿದೆ ಅಂತ. ಬಟ್ಟೆ ತಳ್ಳೋ ಹಲ್ಲು ಬೆರಳಿಗೆ ಚುಚ್ಚಬೇಕು, ನುಣ್ಣಗಿದ್ರೆ ಬದಲಾಯಿಸಬೇಕಾಗುತ್ತೆ, ಅಷ್ಟು ದುಡ್ಡು ಕಮ್ಮಿ ಮಾಡಿಸ್ಕೊಳ್ಳಿ. ಹೋಗೋವಾಗ ಮರೀದೆ ಜೀನ್ಸಿನ ಒಂದು ತುಂಡು, ತೆಳು ವಾಯಲ್ಲಿನ ಒಂದು ತುಂಡು ಕೈಚೀಲದಲ್ಲಿ ಹಾಕ್ಕೊಂಡು ಹೋಗಿ. ಜೀನ್ಸ್ ಎರಡು ಮಡಿಕೆ ಹಾಕಿ, ವಾಯಲ್ ಒಂದೇ ಪದರ ಇಟ್ಟು, ಎರಡರ ಮೇಲೂ ಸೂಜಿ ಬದಲಾಯಿಸ್ಕೊಂಡು ನೀವೇ ಕೂತು ಒಂದೊಂದು ಗೇಣು ಹೊಲಿದು ನೋಡಿ, ಆಮೇಲೆ ಬಟ್ಟೆ ಮಗುಚಿ ಅಡಿಯ ಹೊಲಿಗೆ ನೋಡಿ, ದುಡ್ಡಿನ ಮಾತು ಅದಾದ ಮೇಲೆ ಆಡಿ.